ನೆರೆಮನೆಯಲ್ಲಿ ಸಿಕ್ಕ ಕೊಲೆಗಾರ

ನನ್ನ ಮನೆಯಿಂದ ನನ್ನ ಕನ್ನಡಕದ ಅಂಗಡಿಗೆ ಆರು ನಿಮಿಷದ ದಾರಿ. ಈಚೆಗೆ ಎರಡು ವಾರ ಅದು ಇಪ್ಪತ್ತೈದು ನಿಮಿಷದ್ದಾಗಿತ್ತು. ಬಸ್ ಸ್ಟ್ಯಾಂಡ್ ಬಳಸಿ, ಸಂತೆ ಮೈದಾನ ದಾಟಿ, ಬೆವರು ಒರೆಸಿಕೊಳ್ಳುತ್ತ ಬಂದು ಅಂಗಡಿಯ ಬಾಗಿಲು ತೆಗೆಯುತ್ತಿದ್ದೆ. ಡಾಕ್ಟರು ಹೇಳಿದ ವಾಕಿಂಗ್ ಕೊನೆಗೂ ಶುರುವಾಯಿತೆಂದು ನನ್ನ ಹೆಂಡತಿಗೆ ಸಂತೋಷ. ಅದನ್ನು ಕೆಡಿಸುವ ಮನಸ್ಸಾಗಲಿಲ್ಲ. ನಿಜ ಸಂಗತಿಯೆಂದರೆ, ನೇರ ದಾರಿಯಲ್ಲಿ ಕಂಬಳಿ ನೇಯುವ ಬೀರಪ್ಪಣ್ಣನ ಮನೆಯಿದೆ, ಮತ್ತು ನಾನು ಅವರನ್ನು ಕೊಲೆಗಾರ ಮಾಡಿಬಿಟ್ಟಿದ್ದೆ.

ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ. ನಾನು ಪತ್ತೇದಾರಿ ಕಥೆ ಬರೆಯುತ್ತೇನೆ. ಒಂದು ಮಾಸಪತ್ರಿಕೆಗೆ ನಾಲ್ಕು ಪುಟ, ಒಂದು ಹೆಣ. ಈ ವಯಸ್ಸಿನಲ್ಲಿ ನನ್ನ ಗೆಳೆಯರೆಲ್ಲ ಸಕ್ಕರೆ ಕಾಯಿಲೆಯ ಬಗ್ಗೆ ಚಿಂತೆ ಮಾಡುತ್ತಾರೆ. ನಾನು ಅದರ ಜೊತೆಗೆ, ವಿಷ ಎಷ್ಟು ಹೊತ್ತಿಗೆ ಏರುತ್ತದೆ ಎಂದೂ ಚಿಂತೆ ಮಾಡುತ್ತೇನೆ.

ನಮ್ಮ ಹಗರಿಬೊಮ್ಮನಹಳ್ಳಿಯಂಥ ಊರಲ್ಲಿ ಕೂತು ಈ ಬಗೆಯ ಕಥೆ ಬರೆಯುವುದು ಎಷ್ಟು ಕಷ್ಟ ಎಂದು ನಿಮಗೆ ಗೊತ್ತಿಲ್ಲ. ಒಳಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ಹೆಣ ಬಿದ್ದಿತ್ತು ಎಂದು ಶುರು ಮಾಡುವಂತಿಲ್ಲ. ಇಲ್ಲಿ ಹಗಲು ಹೊತ್ತು ಯಾರೂ ಚಿಲಕವನ್ನೇ ಹಾಕುವುದಿಲ್ಲ. ಕೊಲೆಯಾದ ಹೊತ್ತಿಗೆ ಅವನು ಎಲ್ಲಿದ್ದ ಎಂಬ ಪ್ರಶ್ನೆಯೂ ನಿಲ್ಲುವುದಿಲ್ಲ. ಮನೆ ಬಿಟ್ಟು ಮೂಲೆ ತಿರುಗುವುದರೊಳಗೆ ನಾಲ್ಕು ಜನ "ಎಲ್ಲಿಗೆ ಹೊಂಟ್ರಿ?" ಎಂದು ಕೇಳಿರುತ್ತಾರೆ, ನಾಲ್ವರಿಗೂ ಉತ್ತರ ಕೊಟ್ಟಿರುತ್ತೇವೆ. ಹೆಜ್ಜೆಗೊಬ್ಬ ಸಾಕ್ಷಿ ಇರುವ ಊರಲ್ಲಿ ಕೊಲೆಗಾರ ಏನು ತಾನೆ ಮಾಡಬೇಕು? ನಿಜವಾದ ಕೊಲೆಯಾದರೆ ಹೆಣ ಎತ್ತುವ ಮೊದಲೇ ಯಾರ ಕೈವಾಡವೆಂದು ಎಲ್ಲರಿಗೂ ಗೊತ್ತಿರುತ್ತದೆ. ಯಾರೂ ಯಾಕೆ ಬಾಯಿ ಬಿಡುವುದಿಲ್ಲ ಎಂಬುದಷ್ಟೇ ಇಲ್ಲಿಯ ರಹಸ್ಯ.

ಹೀಗಾಗಿ ಒಂದು ಒಳ್ಳೆಯ ಸುಳಿವು ಸಿಕ್ಕರೆ ನನಗೆ ಹಸಿದವನಿಗೆ ಅನ್ನ ಸಿಕ್ಕಂತೆ. ಅದು ಸಿಕ್ಕಿದ್ದು ಬೀರಪ್ಪಣ್ಣನ ಮನೆಯ ಕಟ್ಟೆಯ ಮೇಲೆ. ಅವರು ಒಳಗೆ ಮಗ್ಗದಲ್ಲಿ ನೇಯುತ್ತಾರೆ, ಹೆಂಡತಿ ಹಾಲಮ್ಮಕ್ಕ ಹೊರಗೆ ಕೂತು ಉಣ್ಣೆ ನೂಲುತ್ತಾರೆ. ಅವರ ಪ್ರತಿಯೊಂದು ಕರಿ ಕಂಬಳಿಯ ಒಂದು ಮೂಲೆಯಲ್ಲಿ ಗೇಣುದ್ದ ಬಿಳಿ ಎಳೆ ಇರುತ್ತದೆ. ಅದು ಹಾಲಮ್ಮಕ್ಕನ ಗುರುತು. ಅತ್ತೆಯಿಂದ ಕಲಿತದ್ದು, ಕೊಳ್ಳುವವರಿಗೂ ಹೇಳುವುದಿಲ್ಲ ಎಂದು ನಕ್ಕು ನನಗೆ ಹೇಳಿದ್ದರು. ನಾನೂ ನಕ್ಕು ಚಹಾ ಕುಡಿದು ಬಂದೆ. ಆಮೇಲೆ ಮೂರು ವಾರ ಮತ್ತೆ ಮತ್ತೆ ಹೋದೆ.

ಕಥೆಯಲ್ಲಿ ಕೆರೆಯಿಂದ ಕಂಬಳಿಯಲ್ಲಿ ಸುತ್ತಿದ ಹೆಣ ಮೇಲೆ ಬಂತು. ನನ್ನ ಪತ್ತೇದಾರನಾದ ನಿವೃತ್ತ ಹೆಡ್ ಕಾನ್‌ಸ್ಟೆಬಲ್ ಮೂಲೆಯ ಬಿಳಿ ಎಳೆ ಹಿಡಿದು ನೇಕಾರನ ಮನೆ ಬಾಗಿಲಿಗೆ ಹೋದ. ನೇಕಾರ ಎಡಗಾಲು ಸ್ವಲ್ಪ ಎಳೆದು ನಡೆಯುತ್ತಿದ್ದ, ಲಾಳಿ ಎಸೆಯುವಾಗ ನಾಲಿಗೆಯ ತುದಿ ಕಚ್ಚಿಕೊಳ್ಳುತ್ತಿದ್ದ. ಬೀರಪ್ಪ ಎಂಬ ಹೆಸರನ್ನು ಮಾಳಪ್ಪ ಎಂದು ಬದಲಿಸಿದ್ದೆ. ಅಷ್ಟರಿಂದಲೇ ಅವರನ್ನು ಬೇರೆ ರಾಜ್ಯಕ್ಕೆ ಕಳಿಸಿದಷ್ಟು ನೆಮ್ಮದಿಯಾಗಿತ್ತು. ಅಚ್ಚಾದ ಮೇಲೆ ಪುಟಗಳ ಫೋಟೊ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದವನೂ ನಾನೇ. ಅಭಿಮಾನದಿಂದ.

ಫೋಟೊ ಊರೂರು ತಿರುಗಿ, ನಡೆದ ಸುದ್ದಿಯೆಂದೇ ತಂಬ್ರಹಳ್ಳಿ ಮುಟ್ಟಿತು. ಅಲ್ಲಿಯ ಒಂದು ಮನೆಯವರು ಮದುವೆಗೆಂದು ಬೀರಪ್ಪಣ್ಣನಿಂದ ಕಂಬಳಿ ಒಯ್ದಿದ್ದರು. ನಮ್ಮ ಕಡೆ ಕಂಬಳಿಯೆಂದರೆ ಹೊದೆಯುವುದಕ್ಕೆ ಮಾತ್ರವಲ್ಲ. ಶುಭ ಕಾರ್ಯದಲ್ಲಿ ಹೊಸ ಕರಿ ಕಂಬಳಿ ಹಾಸಿ, ಅದರ ಮೇಲೆ ದೇವರ ಗದ್ದುಗೆ ಹಾಕುತ್ತಾರೆ. ಆ ಮನೆಯವರು ಕಂಬಳಿಯ ಮೂಲೆ ತಿರುವಿ ನೋಡಿದ್ದಾರೆ. ಬಿಳಿ ಎಳೆ ಕಂಡಿದೆ. ಮರುದಿನ ಸುರುಳಿ ಬಿಚ್ಚದೆ ತಂದು ಬೀರಪ್ಪಣ್ಣನ ಕಟ್ಟೆಯ ಮೇಲಿಟ್ಟು, ಬೇರೆ ಕಡೆ ನೋಡುತ್ತೇವೆಂದು ಹೇಳಿ ಹೋದರಂತೆ. ನನ್ನ ವಾಕಿಂಗ್ ಶುರುವಾದದ್ದು ಆ ದಿನ.

ಆದರೆ ಹಾಲಮ್ಮಕ್ಕನ ಕನ್ನಡಕ ಮಾಡಿಕೊಟ್ಟವನು ನಾನು. ಹದಿನೈದನೆಯ ದಿನ ಅದರ ಕಡ್ಡಿ ಸಡಿಲವಾಯಿತೆಂದು ಅವರು ಅಂಗಡಿಗೇ ಬಂದರು. ಊರು ಸುತ್ತಿ ಬರಬಹುದು, ಅಂಗಡಿಯಿಂದ ಎಲ್ಲಿಗೆ ಹೋಗುವುದು? ಸ್ಕ್ರೂಡ್ರೈವರ್ ತೆಗೆದುಕೊಂಡು ತಲೆ ತಗ್ಗಿಸಿದೆ.

"ಅಣ್ಣಾ, ಕೊಂದಾವ ಯಾರಂತ ನಿಮಗ ಮೊದಲ ಗೊತ್ತಿತ್ತೇನ್ರಿ?" ಎಂದರು.

"ಬರಿಯೋರಿಗೆ ಗೊತ್ತಿರಬೇಕಾಗ್ತೈತಿ ಅಕ್ಕಾ."

"ಮೂರು ವಾರ ನಮ್ಮ ಕಟ್ಟಿ ಮ್ಯಾಲ ಕುಂತು ಚಾ ಕುಡದ್ರಿ. ಅವಾಗೂ ಗೊತ್ತಿತ್ತು?"

ಸ್ಕ್ರೂ ಕೈಜಾರಿ ಕೆಳಗೆ ಬಿತ್ತು. ಮೇಜಿನ ಕೆಳಗೆ ತೂರಿ ಹುಡುಕಿದೆ. ಬೇಗನೆ ಸಿಕ್ಕಿತು, ಆದರೂ ಇನ್ನಷ್ಟು ಹೊತ್ತು ಹುಡುಕಿದೆ. ಅವರ ಮಾತು ಮೇಲಿನಿಂದ ಬರುತ್ತಲೇ ಇತ್ತು. ಬೀರಪ್ಪಣ್ಣ ಸಿಟ್ಟಾಗಿಲ್ಲವಂತೆ, ಮಗ್ಗದ ಮುಂದೆ ಸುಮ್ಮನೆ ಕೂರುತ್ತಾರಂತೆ. ಹಾಲಮ್ಮಕ್ಕನೂ ಬಿಳಿ ಎಳೆ ಹಾಕುವುದನ್ನು ಬಿಟ್ಟಿದ್ದಾರಂತೆ. ಯಾಕೆಂದು ಕೇಳಿದೆ.

"ಗುರ್ತು ಸಿಕ್ರ ಹಿಡೀತಾರಲ್ರಿ" ಎಂದರು. ನಗಲಿಲ್ಲ. ಆಮೇಲೆ, "ತಂಬ್ರಹಳ್ಳಿಗೆ ಹೋಗಿ, ಅದು ಸುಳ್ಳು ಅಂತ ನೀವಾ ಹೇಳಿ ಬರ್ರಿ. ನಾವು ಹೇಳಿದ್ರ ಕಳ್ಳನ ಮಾತು ಆಗ್ತೈತಿ" ಎಂದು ಕನ್ನಡಕ ಏರಿಸಿಕೊಂಡು ಹೋದರು.

ಮರುದಿನ ಹಾಲಮ್ಮಕ್ಕ ಅಂಗಡಿಗೆ ಕಳಿಸಿದ ಆ ಕಂಬಳಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಪ್ಯಾಂಟಿನ ಮೇಲಿನಿಂದಲೂ ಅದು ಚುಚ್ಚುತ್ತಿತ್ತು. ಯೋಗ್ಯ ಶಿಕ್ಷೆ ಎನ್ನಿಸಿತು. ತಂಬ್ರಹಳ್ಳಿಯ ಆ ಮನೆಯಲ್ಲಿ ಮದುವೆಯ ಹುಡುಗಿಯ ಅಜ್ಜಿ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ತಪ್ಪೊಪ್ಪಿಗೆ ಶುರು ಮಾಡಿದೆ.

"ಹಂಗಾರ ಸತ್ತಾವ ಯಾರು?" ಅಜ್ಜಿ ಕೇಳಿದರು.

"ಯಾರೂ ಸತ್ತಿಲ್ಲ ಅಜ್ಜಿ."

"ಮತ್ತ ಪೊಲೀಸ್ನವ ಬಂದಿದ್ನಂತಲ್ಲ?"

"ಅವನನ್ನೂ ನಾನ ಕಳಿಸಿದ್ದು."

"ಯಾರೂ ಸಾಯಲಾರದ ಮನಿಗೆ ಪೊಲೀಸ್ನವನ್ನ ಕಳಿಸಿದ್ಯಲ್ಲೋ ಮಾರಾಯ" ಎಂದು ಅಜ್ಜಿ ಅವರೆ ಬಿಡಿಸುವುದನ್ನು ನಿಲ್ಲಿಸಿದರು. "ಆ ನೇಕಾರ ನಿನಗೇನು ಮಾಡಿದ್ನಪ?"

ನನ್ನ ಕೊಲೆಗಾರರೆಲ್ಲ ಕೊನೆಯ ಪುಟದಲ್ಲಿ ಗಟ್ಟಿ ಕಾರಣ ಹೇಳುತ್ತಾರೆ: ಹೊಲದ ಬದು, ಹಳೆಯ ಅವಮಾನ, ಹೊಟ್ಟೆಕಿಚ್ಚು. ಕಾರಣವಿಲ್ಲದ ಅಪರಾಧವನ್ನು ಓದುಗರು ನಂಬುವುದಿಲ್ಲ ಎಂದು ಸಂಪಾದಕರು ಎರಡು ಕಥೆಗಳನ್ನು ವಾಪಸು ಕಳಿಸಿದ್ದುಂಟು. ನನ್ನ ಬಳಿ ಒಂದೂ ಕಾರಣವಿರಲಿಲ್ಲ. ಚಹಾ ಚೆನ್ನಾಗಿತ್ತು, ಸುಳಿವು ಚೆನ್ನಾಗಿತ್ತು, ಅಷ್ಟೆ. "ಏನೂ ಮಾಡಿಲ್ಲ ಅಜ್ಜಿ" ಎಂದೆ. ಅಜ್ಜಿ ಕೈ ಒರೆಸಿಕೊಂಡು, ಕಂಬಳಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೆ ಒತ್ತಿ ಒಳಗೆ ಇಟ್ಟು ಬಂದರು. ನನಗೆ ಚಹಾ ಕೇಳಲಿಲ್ಲ.

ಸಂಜೆ ನೇರ ದಾರಿಯಲ್ಲೇ ಬಂದು ಸುದ್ದಿ ಹೇಳಿದೆ. ಹಾಲಮ್ಮಕ್ಕ ತಲೆಯಾಡಿಸಿದರು. ಬಿಳಿ ಎಳೆಯನ್ನು ಮತ್ತೆ ಹಾಕುತ್ತೀರಾ ಎಂದು ಕೇಳಲಿಲ್ಲ. ಆ ಗುರುತು ಅವರದು, ಹಾಕುವುದೂ ಬಿಡುವುದೂ ಅವರದು. ಎದ್ದು ಹೊರಡುವಾಗ ಮಗ್ಗದ ಕಡೆಯಿಂದ ಬೀರಪ್ಪಣ್ಣ ಕರೆದರು. ಕಥೆಯ ಬಗ್ಗೆ ಅವರು ಆಡಿದ ಮಾತು ಅದೊಂದೇ.

"ಒಂದು ತಪ್ಪೈತ್ರಿ ಅದ್ರಾಗ. ಕಂಬಳ್ಯಾಗ ಹೆಣ ಸುತ್ತಿ ಕೆರಿಗೆ ಹೊತ್ಕೊಂಡು ಹೋಗಾಕ ನನ್ನಂಥ ಕುಂಟ ಒಬ್ಬನ ಕೈಲಿ ಆಗಂಗಿಲ್ಲ. ಇನ್ನೊಬ್ಬಾವ ಇರಬೇಕು. ಅವನ ಹೆಸರು ಬರದಾ ಇಲ್ಲ ನೀವು."

ಬರೆಯದೆ ಏನು. ಕಥೆಯ ತಲೆಯ ಮೇಲೆಯೇ, ಲೇಖಕನ ಹೆಸರಿರುವ ಜಾಗದಲ್ಲಿ, ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು.