ಆರು ಸದ್ದು, ಒಂದು ಕಾಫಿ ಡಬ್ಬಿ

ಬೆಳಗಿನ ಆರು ಗಂಟೆ. ನಾರ್ತ್ ಡಕೋಟಾದ ನಮ್ಮೂರಿನಲ್ಲಿ ಇನ್ನೂ ಕತ್ತಲೆ. ಸೈಲೆನ್ಸರ್ ಒಡೆದ ಹಳೆಯ ಕಾರೊಂದು ಬೀದಿಯನ್ನೆಲ್ಲ ಎಬ್ಬಿಸುತ್ತ, ಕಿವಿ ಕೇಳದ ಪುಟ್ಟ ಮಗಳಿರುವ ಜನೆಲ್ ಮನೆ ಮುಂದೆ ಬಂದು ನಿಲ್ಲುತ್ತದೆ. ಇಳಿಯುವವರು ಮಾರ್ಲಿಸ್ ಟ್ವೈಟ್, ವಯಸ್ಸು ಅರವತ್ತೊಂದು. ಕಿವಿ ಕೇಳದ ಮಕ್ಕಳ ಮನೆಗೇ ಹೋಗಿ, ಮಗುವಿಗೆ ಕೇಳಿಸಿಕೊಳ್ಳುವುದನ್ನು ಕಲಿಸುವ ಬಗೆಯನ್ನು ಮನೆಯವರಿಗೆ ಹೇಳಿಕೊಡುವುದು ಅವರ ಕೆಲಸ. ಹದಿನೇಳು ವರ್ಷ ಆಯಿತು. ಈಗ ಹನ್ನೊಂದು ಮನೆ, ದಿನಕ್ಕೆ ನೂರೈವತ್ತು ಮೈಲಿ. ಊರಿನ ಪತ್ರಿಕೆಯಲ್ಲಿ ಅವರ ಹೆಸರು ಬಂದದ್ದು ಒಂದೇ ಸಲ, ಅದೂ ಕಾರು ಹಿಮದ ಹಳ್ಳಕ್ಕೆ ಇಳಿದಾಗ.

ಒಳಗೆ ಬಂದವರೇ ರೇಡಿಯೊ ಆರಿಸುತ್ತಾರೆ. ಕೈಯಲ್ಲಿ ಚೀಲವಿಲ್ಲ, ಆಟಿಕೆಯಿಲ್ಲ. "ನಾನು ತಂದ ಆಟಿಕೆ ನನ್ ಜೊತೇನೇ ವಾಪಸ್ ಹೋಗ್ಬಿಡುತ್ತೆ. ಮನೇದೇ ಬಾಣಲೆ, ಡಬ್ಬಿಲಿ ಕಲಿಸಿದ್ರೆ ಅದು ಇಲ್ಲೇ ಇರುತ್ತಲ್ಲ" ಎನ್ನುತ್ತಾರೆ.

ಜನೆಲ್ ಏಳಕ್ಕೆ ಸಕ್ಕರೆ ಕಾರ್ಖಾನೆಯ ಪಾಳಿಗೆ ಓಡಬೇಕು. ಅದಕ್ಕೇ ಇಷ್ಟು ಬೇಗ. ಮಗಳು ಬ್ರಿಟಾಗೆ ಮೂರೂವರೆ ವರ್ಷ. ಆಪರೇಷನ್ ಆಗಿ, ಕೇಳಿಸುವ ಯಂತ್ರ ಕೂರಿಸಿ ಹನ್ನೊಂದು ತಿಂಗಳು. ದಿನಾ ಬೆಳಿಗ್ಗೆ ತಾಯಿ ತುಟಿ ಕಾಣದಂತೆ ಮಗುವಿನ ಬೆನ್ನ ಹಿಂದೆ ಕೂತು ಆ, ಊ, ಈ, ಶ್, ಸ್, ಮ್ ಎನ್ನಬೇಕು. ಒಂದೊಂದು ಸದ್ದು ಕೇಳಿದಾಗಲೂ ಮಗು ಒಂದು ಒಣ ಮ್ಯಾಕರೋನಿಯನ್ನು ಕಾಫಿ ಡಬ್ಬಿಗೆ ಹಾಕಬೇಕು. ಇವತ್ತೂ ಆರಕ್ಕೆ ಆರು. ಜನೆಲ್ ಮುಖ ಅರಳುತ್ತದೆ.

ಮಾರ್ಲಿಸ್ ಮಗುವಿನ ಕಿವಿಯ ಹಿಂದಿನ ಯಂತ್ರವನ್ನು ತೆಗೆದು ನೋಡುತ್ತಾರೆ. ದೀಪವೇ ಉರಿಯುತ್ತಿಲ್ಲ. ಚಾರ್ಜಿಗಿಟ್ಟ ಬ್ಯಾಟರಿ ಬಿಟ್ಟು ನಿನ್ನೆಯ ಖಾಲಿಯನ್ನೇ ಸಿಕ್ಕಿಸಿದ್ದಾಳೆ ಜನೆಲ್.

"ಹಾಗಾದ್ರೆ ಇವಳಿಗೆ ಏನೂ ಕೇಳಿಸ್ತಾನೇ ಇರ್ಲಿಲ್ವಾ? ಹನ್ನೊಂದು ತಿಂಗಳೂ?" ಜನೆಲ್ ಕುಸಿದು ಕೂರುತ್ತಾಳೆ.

"ಅದನ್ನ ಈಗ್ಲೇ ನೋಡೋಣ, ಗಾಬರಿ ಬೀಳ್ಬೇಡ ಕಣಮ್ಮ. ದಿನಾ ಅದೇ ಆರು, ಅದೇ ಸಾಲು, ಅದೇ ಲಯದಲ್ಲಿ ಹೇಳ್ತಿದೀಯ. ಅವಳು ಲೆಕ್ಕ ಇಟ್ಕೊಂಡು ಹಾಕ್ತಿದಾಳೆ, ಕಳ್ಳಿ! ನಾನೂ ಮೊದಲನೇ ವರ್ಷ ಮೂರು ಮನೇಲಿ ಇದೇ ಎಡವಟ್ಟು ಮಾಡ್ಕೊಂಡಿದ್ದೆ."

ಚಾರ್ಜಾದ ಬ್ಯಾಟರಿ ಹಾಕಿದ್ದಾಯಿತು. ಈ ಸಲ ಬೆನ್ನ ಹಿಂದೆ ಮಾರ್ಲಿಸ್ ಕೂರುತ್ತಾರೆ. ಕೂತವರು ಏನೂ ಹೇಳುವುದೇ ಇಲ್ಲ; ಸದ್ದಿಲ್ಲದೆಯೂ ಮಗು ಹಾಕುತ್ತಾಳೋ ನೋಡಬೇಕು. ಬ್ರಿಟಾ ಮ್ಯಾಕರೋನಿಯನ್ನು ಕೆನ್ನೆಗೆ ಒತ್ತಿಕೊಂಡಿದ್ದಾಳೆ. ಅವಳ ಕೈ ಡಬ್ಬಿಯತ್ತ ಹೋಗುತ್ತದೆ, ತಡೆಯುತ್ತದೆ, ಮತ್ತೆ ಕೆನ್ನೆಗೇ ಬರುತ್ತದೆ. ಮಾರ್ಲಿಸ್ ಕೆಲಸವನ್ನು ಸುಮ್ಮನೆ ನೋಡಲು ಬಂದ ನಾನೂ ಡಬ್ಬಿಯತ್ತ ಬಾಗುತ್ತೇನೆ.

"ಮ್..." ಎನ್ನುತ್ತಾರೆ ಮಾರ್ಲಿಸ್.

ಟಣ್.

ಸಾಲು ಕಲಸಿ ಕೇಳಿದರೂ ಆರರಲ್ಲಿ ನಾಲ್ಕು ಸರಿ. ಶ್, ಸ್ ಎರಡು ಇನ್ನೂ ಹತ್ತಿಲ್ಲ. ಆರಕ್ಕೆ ಆರು ಬಂದಾಗ ನಕ್ಕಿದ್ದ ಜನೆಲ್ ಈ ನಾಲ್ಕಕ್ಕೆ ಬಿಕ್ಕಿ ಬಿಕ್ಕಿ ಅಳುತ್ತಾಳೆ.

ಹೊರಗೆ ಬಂದಾಗ ಬೆಳಕು ಹರಿದಿದೆ. ಆ ಸೈಲೆನ್ಸರ್ ರಿಪೇರಿ ಮಾಡಿಸಬಾರದೇ, ಊರೆಲ್ಲ ನಗುತ್ತದಲ್ಲ ಎಂದು ಕೇಳುತ್ತೇನೆ.

"ನಗ್ಲಿ ಬಿಡಿ. ನನ್ ಕಾರಿನ ಸದ್ದಿಗೆ ಎಲ್ಲಾ ಮನೇಲೂ ಮೊದಲು ನಾಯಿ ಓಡಿ ಬರುತ್ತೆ. ಯಾವತ್ತೋ ಒಂದಿನ ನಾಯಿಗಿಂತ ಮುಂಚೆ ಮಗು ಬಾಗಿಲಿಗೆ ಬಂದು ನಿಂತಿರುತ್ತೆ. ಹದಿನೇಳು ವರ್ಷದಲ್ಲಿ ಒಂಬತ್ತು ಮಕ್ಕಳು ಹಾಗೆ ಬಂದಿದಾರೆ. ಬ್ರಿಟಾನೂ ಬರ್ಲಿ. ಅಲ್ಲೀತನಕ ಇದು ಹೀಗೇ ಕಿರುಚ್ಕೊಂಡಿರ್ಲಿ."