ತಿರುಚು ಘನದ ಇನ್ನರ್ಧ

ರಟ್ಟು ಕಟ್ಟುವ ಆ ಮುದುಕರ ಬಲಗೈ ಹೆಬ್ಬೆರಳಿನ ಉಗುರಿನಡಿ ಸದಾ ಒಂದು ಗೆರೆ ಗೋಂದು ಒಣಗಿರುತ್ತಿತ್ತು. ನಮ್ಮೂರಿನ ಗಾಂಧಿ ಗಂಜದ ಹತ್ತಿರ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದರು; ನನ್ನ ಎಂ.ಎಸ್ಸಿ. ಪ್ರಬಂಧಕ್ಕೂ ಅವರೇ ಕಟ್ಟಿದ್ದರು. ಉಳಿದ ರಟ್ಟಿನ ಚೂರುಗಳಲ್ಲಿ ಬಹುಮುಖ ಆಕೃತಿಗಳನ್ನು ಮಾಡಿ ಶಾಲೆಗಳಿಗೆ ಕೊಡುತ್ತಿದ್ದರು. "ಅವಸರ ಮಾಡಬ್ಯಾಡ ಬೇಟಿ, ರಟ್ಟಿನ ಮೂಲಿ ಮುನಿಸ್ಕೋತಾವ" ಎನ್ನುವುದು ಅವರ ಮಾತು.

ಕಳೆದ ವರ್ಷ ಅವರ ಕಣ್ಣು ಮಂಜಾಗತೊಡಗಿತು. ಔರಾದಿನ ಶಾಲೆಗೆಂದು ಒಪ್ಪಿಕೊಂಡಿದ್ದ ತಿರುಚು ಘನ ಅರ್ಧಕ್ಕೆ ನಿಂತಿತ್ತು. ಆರು ಚೌಕ, ಮೂವತ್ತೆರಡು ತ್ರಿಕೋನ. ಚೌಕಗಳೆಲ್ಲ ಒಂದೇ ದಿಕ್ಕಿಗೆ ತುಸು ಹೊರಳಿರುವ ಆಕೃತಿ ಅದು. ಪೂರ್ತಿ ಕಾಣದಂತಾಗುವ ಮೊದಲು ಅದನ್ನು ಮುಗಿಸಬೇಕೆಂದು ಅವರಿಗಿತ್ತು. ಗೆರೆ ಎಳೆಯಲು ಅವರು ಕತ್ತರಿಸಿಟ್ಟಿದ್ದ ಅಚ್ಚನ್ನೇ ಒಯ್ದು, ಇನ್ನರ್ಧವನ್ನು ನಾನು ಚಿದ್ರಿಯ ನಮ್ಮ ಮನೆಯಲ್ಲಿ ಕತ್ತರಿಸಿ, ಅಂಟಿಸಿ ತಂದುಕೊಟ್ಟೆ.

ಎರಡು ಅರ್ಧಗಳು ಕೂಡಲಿಲ್ಲ. ಅವರು ನನ್ನದರ ಮೇಲೆ ಹೆಬ್ಬೆರಳು ಆಡಿಸಿದರು.

"ನಂದು ಬಲಕ್ಕ ಹೊಳ್ಳೇದ, ನಿಂದು ಎಡಕ್ಕ. ಅಚ್ಚು ಯಾವ ಮಗ್ಗಲಿಗೆ ಇಟ್ಟಿದ್ದಿ?"

"ಬಣ್ಣದ ಮಗ್ಗಲಿಗೆ ರೀ."

"ಇಷ್ಟು ಓದೀದಿ ನೋಡು! ನಾವು ರಟ್ಟಿನವರು ಬಣ್ಣ ಇಲ್ಲದ ಬೆನ್ನಿಗೆ ಗೆರಿ ಹಾಕ್ತೇವಿ, ಮಾರಿ ಮ್ಯಾಲ ಅಲ್ಲ. ಮಾರಿ ಮ್ಯಾಲ ಹಾಕಿದ್ರ ಹೊರಳು ಉಲ್ಟಾ ಆಗ್ತದ." ನಕ್ಕರು. ಆಮೇಲೆ ಮೆಲ್ಲಗೆ ಹೇಳಿದರು: "ಹೇಳೂದು ನಾನೇ ಮರತೆ. ಮತ್ತ ಮಾಡು, ಹಗೂರ್ಕ. ನನ್ನ ಕಣ್ಣು ಹೋಗ್ತಾವಂತ ಅವಸರ ಮಾಡಬ್ಯಾಡ. ನಿನ್ನ ಮಾರಿನೂ ಕಾಣ್ವಲ್ದು ಈಗ. ಕೈಯಾಗ ತಿಳೀತದ."

ಮರುದಿನ ಬೆಳಿಗ್ಗೆ ಹೊಸ ರಟ್ಟಿನ ಬೆನ್ನಿಗೆ ಅಚ್ಚನ್ನಿಟ್ಟು ಗೆರೆ ಎಳೆದೆ. ಕತ್ತರಿಸಿ ಅಂಟಿಸಿ, ಗೋಂದು ಒಣಗುವವರೆಗೆ ಕಾದೆ. ಆಮೇಲೆ ಕಣ್ಣು ಮುಚ್ಚಿ, ಒಂದೊಂದು ಚೌಕದ ಮೇಲೂ ಹೆಬ್ಬೆರಳು ಆಡಿಸಿದೆ.