ಫ್ಯೂಸು ಮೇಷ್ಟ್ರ ವಿಡಿಯೋ ಪಾಠ

ಕಸುಬಿನ ಶಾಲೆಯಲ್ಲಿ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿ ಕಟ್ಟುವುದನ್ನು ಕಲಿಸುತ್ತಿದ್ದ ಮೇಷ್ಟ್ರಿಗೆ ಎದುರಿಗೆ ಎಲ್ಲರೂ ಸಾರ್ ಎನ್ನುತ್ತಿದ್ದರು, ಬೆನ್ನ ಹಿಂದೆ ಫ್ಯೂಸು. ಎಲ್ಲೋ ಚೂರು ಹೆಚ್ಚುಕಡಿಮೆಯಾದರೆ ಸಾಕು, ಪಟ್ಟನೆ ಹಾರಿಬಿಡುವರು. ಹಾರಿದ ಮೇಲೆ ಅರ್ಧ ಗಂಟೆ ಕತ್ತಲೆ. ಆಮೇಲೆ ತಾವೇ ಬಂದು, ಬೈಸಿಕೊಂಡವನ ಹೆಗಲ ಮೇಲೆ ಕೈಹಾಕಿ "ಟೀ ಕುಡಿದ್ಯೇನೋ?" ಎಂದು ಕೇಳುವರು. ಅದೇ ಅವರ ಕ್ಷಮಾಪಣೆ. ಬೇರೆಯದನ್ನು ಯಾರೂ ಕೇಳಿರಲಿಲ್ಲ, ಸಿಕ್ಕಿಯೂ ಇರಲಿಲ್ಲ.

ಓದಿದ್ದು ಏಳನೇ ಕ್ಲಾಸು. ಆದರೆ ಸುಟ್ಟ ಮೋಟಾರನ್ನು ಮೂಗಿನ ಹತ್ತಿರ ಹಿಡಿದು, ಒಂದೇ ಉಸಿರಿಗೆ ಅದರ ರೋಗ ಹೇಳುವ ಮನುಷ್ಯ. ತಾಮ್ರದ ತಂತಿ ಅವರ ಬೆರಳಿನ ಮಾತು ಕೇಳುತ್ತಿತ್ತು, ಹೆಂಡತಿ ಕೇಳದಷ್ಟು. ಪಾಠ ಮಾಡುವ ಕ್ರಮ ಮಾತ್ರ ಒಂದೇ. ಹುಡುಗರನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, "ನೋಡ್ರೋ, ಹಿಂಗೆ ಹಾಕಿ, ಹಂಗೆ ಎಳೀರಿ, ಹಿಂಗೆ ಮಡಚಿ. ಮುಗೀತು!" ಎನ್ನುವುದು. ಇಪ್ಪತ್ತಾರು ವರ್ಷ ಈ ಹಿಂಗೆ ಹಂಗೆಯಲ್ಲೇ ನೂರಾರು ಜನ ಕಲಿತು ಹೊಟ್ಟೆ ಹೊರೆದುಕೊಂಡಿದ್ದರು.

ಹೊಸದಾಗಿ ಬಂದ ಪ್ರಿನ್ಸಿಪಾಲ್ ಮೇಡಂ ಇದಕ್ಕೆ ಕಲ್ಲು ಹಾಕಿದರು. ಅವರು ಹಿಂದೆ ಇತಿಹಾಸ ಕಲಿಸುತ್ತಿದ್ದವರು, ಜೋರಾಗಿ ಮಾತಾಡಿದವರಲ್ಲ.

"ಇನ್ನು ಮೇಲೆ ಪಾಠವೆಲ್ಲ ಇಂಟರ್ನೆಟ್ಟಲ್ಲಿ ಇರ್ಬೇಕು ಸಾರ್. ಮಕ್ಕಳು ವಿಡಿಯೋನ ಮನೇಲಿ ನೋಡ್ಕೊಂಡು ಬರ್ತಾರೆ. ಕೆಳಗಡೆ ಪ್ರಶ್ನೆ ಬರೀತಾರೆ. ಕ್ಲಾಸಲ್ಲಿ ಕೈಕೆಲಸಕ್ಕೆ ಟೈಮ್ ಸಿಗತ್ತೆ."

"ನನ್ ಕೈ ಇಂಟರ್ನೆಟ್ಟಲ್ಲಿ ಹಿಡ್ಸಲ್ಲ ಮೇಡಂ."

"ಹಿಡಿಸದಿದ್ರೆ ಬೇಡ. ಸರ್ಟಿಫಿಕೇಟು ಇರೋ ಒಬ್ರು ಈ ಕೆಲಸ ಕೇಳ್ಕೊಂಡು ಬಂದಿದಾರೆ. ಈ ಅವಧಿ ಮುಗಿಯೋದ್ರೊಳಗೆ ಹೇಳಿ."

ಎಷ್ಟು ನಯವಾಗಿ ಹೇಳಿದರೆಂದರೆ ಮೇಷ್ಟ್ರಿಗೆ ಹಾರಲೂ ಜಾಗ ಸಿಗಲಿಲ್ಲ. ಬೈದವರಿಗೆ ತಿರುಗಿ ಬೈಯಬಹುದು. ನಗುತ್ತ ಕತ್ತು ಕೊಯ್ಯುವವರಿಗೆ ಏನು ಮಾಡುವುದು, ನೀವೇ ಹೇಳಿ!

ಆ ಭಾನುವಾರ ಮನೆಯ ನಡುಕೋಣೆಯಲ್ಲಿ ಮೇಜು ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಿಚ್ಚಿದ ಸೀಲಿಂಗ್ ಫ್ಯಾನೊಂದನ್ನು ಮುಂದಿಟ್ಟುಕೊಂಡರು. ಫೋನು ಹಿಡಿಯಲು ಹೆಂಡತಿ. ಆಕೆ ದರ್ಜಿ, ಕೈ ನಡುಗುವ ಪೈಕಿ ಅಲ್ಲ. ಆದರೆ ಗಂಡ ಫೋನಿಗೆ ಕೈಮುಗಿದು "ಪ್ರೀತಿಯ ವಿದ್ಯಾರ್ಥಿಗಳೇ" ಎಂದದ್ದೇ ತಡ, ನಗು ಒತ್ತರಿಸಿ ಬಂದು ಫೋನು ಕುಣಿಯತೊಡಗಿತು.

"ಏನೇ ಅದು ನಗು?"

"ಪ್ರೀತಿಯ ಅಂದ್ರಲ್ಲ, ಯಾರಿಗೆ ಅಂದ್ರಿ ಅಂತ ಆಚೀಚೆ ನೋಡ್ದೆ."

"ಇಡು ಅದನ್ನ! ನಾನೇ ಮಾಡ್ಕೋತೀನಿ."

ಎರಡು ಡಬ್ಬಿಗಳ ನಡುವೆ ಫೋನು ಸಿಕ್ಕಿಸಿದರು. ತಮ್ಮ ಮುಖ ತಮಗೇ ಕಾಣುವಂತೆ ಮುಂದಿನ ಕ್ಯಾಮರಾ ಹಾಕಿಕೊಂಡರು. ಪಾಠ ಕಲಿಯುವವರು ನೋಡಬೇಕಾದದ್ದು ಕೈಯನ್ನೋ ಮುಖವನ್ನೋ ಎಂದು ಕೇಳಬೇಡಿ. ಆ ಹೊತ್ತಿಗೆ ಮೀಸೆ ಮುಖ್ಯವಾಗಿತ್ತು. ಮೊದಲ ಸಲ ತೆಗೆದುದನ್ನು ನೋಡಿದಾಗ ಬೈತಲೆ ಆ ಕಡೆ ಹೋಗಿತ್ತು. ಕೆನ್ನೆಯ ಮಚ್ಚೆಯೂ ಆ ಕಡೆ. ಮೂವತ್ತು ವರ್ಷ ಗಡ್ಡ ಹೆರೆಯುವ ಕನ್ನಡಿಯಲ್ಲಿ ಕಂಡ ಮುಖವೇ ಬೇರೆ, ಇದ್ಯಾವನೋ ದಾಯಾದಿಯ ಮುಖ. ಸೆಟ್ಟಿಂಗಿನೊಳಗೆ ಹೊಕ್ಕು, ಸಿಕ್ಕಸಿಕ್ಕದ್ದನ್ನೆಲ್ಲ ಒತ್ತಿ, ಕಡೆಗೂ ಕನ್ನಡಿಯ ಮುಖ ಬರುವಂತೆ ಮಾಡಿಕೊಂಡರು. ಬೈತಲೆ ಸ್ವಸ್ಥಾನಕ್ಕೆ ಬಂತು. ನಲವತ್ತು ನಿಮಿಷದ ಪಾಠವನ್ನು ಒಂದೇ ದಮ್ಮಿಗೆ ಹೇಳಿ, ಶಾಲೆಯ ಪುಟಕ್ಕೆ ಏರಿಸಿಯೂ ಬಿಟ್ಟರು.

ಹುಡುಗರು ಬಿದ್ದು ಬಿದ್ದು ನೋಡಿದರು. ಫ್ಯೂಸು ಮೇಷ್ಟ್ರನ್ನು ಬೇಕೆಂದಾಗ ನಿಲ್ಲಿಸಬಹುದು, ಹಿಂದಕ್ಕೆ ಕಳಿಸಬಹುದು, ಬೈಯುವ ಜಾಗದಲ್ಲಿ ಸದ್ದು ಕಡಿಮೆ ಮಾಡಬಹುದು! ಇಂಥ ಸುಖ ಈ ಶಾಲೆಯಲ್ಲಿ ಹಿಂದೆ ಯಾರಿಗೂ ಸಿಕ್ಕಿರಲಿಲ್ಲ. ಒಬ್ಬೊಬ್ಬರೂ ಒಂದೊಂದು ಸುಟ್ಟ ಫ್ಯಾನು ಮನೆಗೆ ಒಯ್ದು, ವಿಡಿಯೋ ನೋಡುತ್ತ ನೋಡುತ್ತ ತಂತಿ ಸುತ್ತಿ, ಮುಚ್ಚಳ ಮುಚ್ಚಿ ತಂದರು. ಮೇಷ್ಟ್ರು ಮೀಟರು ಹಿಡಿದು ಪರೀಕ್ಷಿಸಿದರು. ತಂತಿ ಎಲ್ಲೂ ಕಡಿದಿಲ್ಲ, ಎಲ್ಲೂ ತಾಗಿಲ್ಲ. ಬಿಚ್ಚಿ ಒಳಗೆ ನೋಡುವುದು ಶಿಷ್ಯರ ಮೇಲೆ ನಂಬಿಕೆ ಇಲ್ಲದವರ ಕೆಲಸ ಎಂದು ಎದೆಯುಬ್ಬಿಸಿ, ಉದ್ದನೆಯ ಹಾಲಿನ ಸೂರಿಗೆ ಇಪ್ಪತ್ತೆರಡನ್ನೂ ಸಾಲಾಗಿ ತೂಗುಹಾಕಿಸಿದರು. ಎಲ್ಲ ಒಟ್ಟಿಗೆ ತಿರುಗಬೇಕು, ಮೇಡಂ ನೋಡಬೇಕು, ಸರ್ಟಿಫಿಕೇಟಿನವನು ಮನೆಯಲ್ಲೇ ಇರಬೇಕು. ಲೆಕ್ಕಾಚಾರ ಅದು.

ಮೇಡಂ ಬಂದು ನಡುಮಧ್ಯದ ಕುರ್ಚಿಯಲ್ಲಿ ಕುಳಿತರು. ಬಿಸಿಲು ಹಾಲನ್ನು ಹುರಿಯುತ್ತಿತ್ತು. ಮೇಷ್ಟ್ರು ಸ್ವಿಚ್ಚು ಒತ್ತಿದರು.

ಫ್ಯಾನುಗಳು ತಿರುಗಿದವು. ಸದ್ದಿಲ್ಲ, ಅಲುಗಾಟವಿಲ್ಲ. ಹುಡುಗರು ಚಪ್ಪಾಳೆ ಹೊಡೆದರು. ಗಾಳಿ ಮಾತ್ರ ಬರಲಿಲ್ಲ.

"ಸ್ಪೀಡು ಕೊಡ್ರೋ!" ಎಂದರು ಮೇಷ್ಟ್ರು.

ಸ್ಪೀಡು ಕೊಟ್ಟರು. ಗಾಳಿಯ ಬದಲು ಸೂರಿನಿಂದ ದೂಳು ಬಂತು, ಅದರ ಹಿಂದೆ ಜೇಡರ ಬಲೆ, ಆಮೇಲೆ ಯಾವ ಕಾಲದ್ದೋ ಒಂದು ಗುಬ್ಬಿಗೂಡಿನ ಹುಲ್ಲು. ಅಷ್ಟೂ ಮೇಡಂ ಅವರ ಸೀರೆಯ ಮೇಲೆ ಇಳಿದು ಕುಳಿತವು. ಫ್ಯಾನುಗಳು ಉಲ್ಟಾ ತಿರುಗಿ, ಇದ್ದಬದ್ದ ಗಾಳಿಯನ್ನೆಲ್ಲ ಸೂರಿಗೆ ಬೀಸುತ್ತಿದ್ದವು!

ಮೇಷ್ಟ್ರ ತಲೆಯಲ್ಲಿ ಏನೋ ಪಟ್ ಎಂದಿತು.

"ಇಪ್ಪತ್ತೆರಡು ಕತ್ತೆಗಳಲ್ಲಿ ಒಂದಕ್ಕಾದ್ರೂ ಬುದ್ಧಿ ಬೇಡ್ವಾ!"

"ಸಾರ್, ಇಪ್ಪತ್ತೊಂದು" ಎಂದಿತು ಮೂಲೆಯಿಂದ ಒಂದು ದನಿ.

ಅದು ಹುಡುಗರೆಲ್ಲ ಹಿರಿಯಕ್ಕ ಎಂದು ಕರೆಯುವಾಕೆ. ಬಸ್ಸಿನಲ್ಲಿ ಕಂಡಕ್ಟರಾಗಿ ಹದಿನೈದು ವರ್ಷ ದುಡಿದು, ಮಂಡಿ ಕೈಕೊಟ್ಟ ಮೇಲೆ ಕುಳಿತು ಮಾಡುವ ಕಸುಬು ಬೇಕೆಂದು ಸೇರಿದ್ದ ಹೆಂಗಸು. ಆಕೆಯ ಫ್ಯಾನಿನ ಕೆಳಗೆ ತಂಗಾಳಿ. ಹುಡುಗರಾಗಲೇ ಒಬ್ಬೊಬ್ಬರಾಗಿ ಅಲ್ಲಿಗೆ ಜಾರಿದ್ದರು.

"ನೀನೊಬ್ಳೇ ವಿಡಿಯೋ ಸರಿಯಾಗಿ ನೋಡಿದ್ದು ಅಂತಾಯ್ತು" ಎಂದರು ಮೇಷ್ಟ್ರು.

"ಇಲ್ಲ ಸಾರ್, ನಾನು ನೋಡೇ ಇಲ್ಲ. ಫೋನು ಮಕ್ಕಳ ಕೈಗೆ ಹೋದ್ರೆ ವಾಪಸ್ ಬರೋದು ಚಾರ್ಜು ಸತ್ತ ಮೇಲೇನೇ. ಹಳೇ ತಂತಿ ಹೆಂಗೆ ಸುತ್ತಿತ್ತೋ ನೋಡ್ಕೊಂಡು ಹಂಗೇ ಸುತ್ತಿದೆ. ಉಳಿದೋರು ಫೋಟೋ ತೋರ್ಸಿದ್ರು, ಅವರದೆಲ್ಲ ಬೇರೆ ಥರ ಇತ್ತು. ನಂದೇ ತಪ್ಪೇನೋ ಅಂತ ಬಾಯ್ಮುಚ್ಕೊಂಡಿದ್ದೆ."

ಇಡೀ ಹಾಲು ಕಿಸಕ್ಕೆಂದಿತು. ಪಾಠ ನೋಡಿದವರೆಲ್ಲ ಉಲ್ಟಾ, ನೋಡದವಳೊಬ್ಬಳೇ ಸರಿ. ಮೇಡಂ ತಲೆಯಿಂದ ಹುಲ್ಲುಕಡ್ಡಿ ತೆಗೆದು ಮಡಿಲಲ್ಲಿಟ್ಟುಕೊಂಡು, ವಿಡಿಯೋವನ್ನು ಗೋಡೆಯ ಮೇಲೆ ದೊಡ್ಡದಾಗಿ ಹಾಕಿ ಎಂದರು.

ಹಾಕಿದರು. ಗೋಡೆಯ ತುಂಬ ಮೇಷ್ಟ್ರ ಮೀಸೆ. ಹಿಂದೆ ತೂಗುಬಿದ್ದ ಕ್ಯಾಲೆಂಡರಿನ ಅಂಕಿಗಳೆಲ್ಲ ಬೆನ್ನು ತಿರುಗಿಸಿ ನಿಂತಿದ್ದವು. ಬಲಗೈಯವರಾದ ಮೇಷ್ಟ್ರು ಎಡಗೈಯಲ್ಲಿ ಇಕ್ಕಳ ಹಿಡಿದಿದ್ದರು. ಬೈತಲೆ ಮಾತ್ರ ಬಹಳ ಚೆನ್ನಾಗಿತ್ತು.

ಹೇಳಬೇಕಾದವರು ಮೇಷ್ಟ್ರೇ, ಅದು ಅವರಿಗೂ ಗೊತ್ತಿತ್ತು.

"ಕನ್ನಡಿ ಹಾಕ್ಬಿಟ್ಟಿದ್ದೆ, ಎಡ ಇದ್ದದ್ದು ಬಲ ಆಗ್ಬಿಟ್ಟಿದೆ" ಎಂದರು ನೆಲ ನೋಡುತ್ತ. "ತಪ್ಪು ನಂದೇ. ನೀವು ಕತ್ತೆಗಳಲ್ಲ." ಮೀಸೆ ಸವರಿಕೊಂಡು, "ಇವತ್ತಿನ ಮಟ್ಟಿಗೆ" ಎಂದು ಸೇರಿಸಿದರು.

ಫ್ಯಾನು ಸರಿಮಾಡುವುದೇನು ದೊಡ್ಡದಲ್ಲ; ಎರಡು ತುದಿ ಅದಲುಬದಲು ಮಾಡಿದರೆ ಬಾಲ ಮುದುರಿಕೊಂಡು ನೆಟ್ಟಗೆ ತಿರುಗುತ್ತದೆ. ಆದರೆ ಮೇಡಂ ಕೇಳಿದ್ದು ಬೇರೆ.

"ಫ್ಯಾನು ಸರಿಹೋಗತ್ತೆ ಸಾರ್, ಪಾಠ? ನಲವತ್ತು ನಿಮಿಷದಲ್ಲಿ ಎಡ ಬಲ ಅನ್ನೋ ಮಾತು ಒಂದ್ಸಲನಾದ್ರೂ ಬಂತಾ? ಬರೀ ಹಿಂಗೆ, ಹಂಗೆ. ಸೋಮವಾರ ಆ ಸರ್ಟಿಫಿಕೇಟಿನೋರನ್ನ ಬರೋಕೆ ಹೇಳ್ತೀನಿ."

"ಒಂದು ವಾರ ಕೊಡಿ!" ಮೇಷ್ಟ್ರು ಮತ್ತೆ ಹಾರಿದರು. "ಬೇರೆ ವಿಡಿಯೋ ಮಾಡ್ತೀನಿ. ಅದನ್ನ ನೋಡ್ಕೊಂಡು ನೀವೇ ಒಂದು ಫ್ಯಾನು ಕಟ್ಟಿ. ಇಕ್ಕಳ ಯಾವ ಕಡೆ ಹಿಡಿಯೋದು ಅಂತಾನೂ ಗೊತ್ತಿಲ್ದೆ ಇರೋರು ನೀವು. ಗಾಳಿ ಮೇಲಕ್ಕೆ ಹೋದ್ರೆ ನಾನು ಮನೆಗೆ ಹೋಗ್ತೀನಿ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. ಮೇಡಂ, "ಆಗ್ಲಿ, ಅವರನ್ನ ಒಂದು ವಾರ ಬಿಟ್ಟು ಸೋಮವಾರ ಬರೋಕೆ ಹೇಳ್ತೀನಿ. ಆದ್ರೆ ನಾನು ಕಟ್ಟೋವಾಗ ನೀವು ಕೋಣೆ ಒಳಗೆ ಬರೋ ಹಾಗಿಲ್ಲ" ಎಂದರು.

ಮರುದಿನವೇ ಇಡೀ ಕ್ಲಾಸು ಮೇಷ್ಟ್ರ ಬೆನ್ನಿಗೆ ಬಿತ್ತು. ಇಂಟರ್ನೆಟ್ಟಿನಲ್ಲಿ ಎಲ್ಲರೂ ಒಟ್ಟಿಗೆ ಬರೆಯುವಂಥ ಒಂದು ಹಾಳೆ ತೆರೆದರು. ಮೇಷ್ಟ್ರು ಕೈಯಲ್ಲಿ ಮಾಡಿದ್ದನ್ನು ಅವರು ಬಾಯಲ್ಲೂ ಹೇಳಬೇಕು, ಇಪ್ಪತ್ತೆರಡು ಜನ ತಂತಮ್ಮ ಫೋನಿನಿಂದ ಅದರಲ್ಲಿ ಬರೆಯಬೇಕು. ಅಕ್ಷರಗಳು ಇರುವೆ ಸಾಲಿನಂತೆ ಪರದೆಯ ಮೇಲೆ ಓಡುವುದನ್ನು ಮೇಷ್ಟ್ರು ಬಾಯಿಬಿಟ್ಟು ನೋಡಿದರು. ಅವರು 'ಹಿಂಗೆ' ಎಂದಾಗಲೆಲ್ಲ ಯಾರೋ ಕಿತಾಪತಿಯವನು ಹಾಳೆಯಲ್ಲಿ ಕೆಂಪು ಅಕ್ಷರದಲ್ಲಿ "ಹೆಂಗೆ?" ಎಂದು ಬರೆಯುತ್ತಿದ್ದ. ಮೊದಲ ದಿನ ಹಾಳೆಯೆಲ್ಲ ಕೆಂಪು.

"ಈ ತುದೀನ ಹಿಂಗೆ…"

"ಹೆಂಗೆ ಸಾರ್?" ಹಿರಿಯಕ್ಕ ಕೇಳಿದಳು.

"ನಿನ್ ಕಣ್ಣು ಬಸ್ಸಲ್ಲಿ ಬಿಟ್ಟು ಬಂದಿದ್ಯಾ?"

"ಕಣ್ಣಿದೆ ಸಾರ್. ಮೇಡಂ ಕಟ್ಟೋವಾಗ ನಿಮ್ ಬೆರಳು ಅಲ್ಲಿರಲ್ವಲ್ಲ. ಬಾಯಲ್ಲಿ ಹೇಳಿ. ಮುಂದೆ ಹೋಗ್ಬೇಕಾ, ಹಿಂದೆ ಹೋಗ್ಬೇಕಾ?"

ಮೇಷ್ಟ್ರ ಬೆರಳಿಗೆ ಗೊತ್ತಿದ್ದದ್ದು ನಾಲಿಗೆಗೆ ಗೊತ್ತೇ ಇರಲಿಲ್ಲ. ಕಣ್ಣು ಮುಚ್ಚಿ, ಗಾಳಿಯಲ್ಲಿ ಕೈ ಆಡಿಸಿ, ನಿಧಾನಕ್ಕೆ ಹೇಳಿದರು. "ತಂತಿ ಹೊರಗೆ ಬರೋ ತೂತು ನಿಮ್ಮ ಹೊಟ್ಟೆ ಕಡೆ ಇರ್ಲಿ. ಅಲ್ಲಿಂದ ಎಡಕ್ಕೆ, ಸುರುಳಿ ಕೂರೋ ಮೂರನೇ ಸಂದು. ನಿಮ್ಮ ಎಡ, ನನ್ನದಲ್ಲ." ಹಾಳೆಯಲ್ಲಿ ಆ ಸಾಲಿನ ಮುಂದೆ ಕೆಂಪು ಬರಲಿಲ್ಲ. ಅದನ್ನು ಎರಡು ಸಲ ಓದಿಕೊಂಡರು. ತಮ್ಮ ಕಸುಬನ್ನು ಅಕ್ಷರದಲ್ಲಿ ಅವರು ನೋಡಿದ್ದು ಅದೇ ಮೊದಲು.

ಈ ಸಲ ಫೋನು ಹಿಡಿದದ್ದು ಹೆಂಡತಿಯೇ. ಮೇಷ್ಟ್ರ ಹಿಂದೆ ಸ್ಟೂಲಿನ ಮೇಲೆ ನಿಂತು, ಅವರ ಹೆಗಲ ಮೇಲಿನಿಂದ ಬರೀ ಕೈಗಳನ್ನು ತೆಗೆದಳು. "ಮುಖ ಬೇಡ್ವಾ?" ಎಂದು ಮೇಷ್ಟ್ರು ಕೇಳಿದರು. "ಮುಖ ನಾವು ನೋಡ್ತಾ ಇದೀವಲ್ಲ, ಸಾಕು" ಎಂದಳು. ಚಿಕ್ಕ ಚಿಕ್ಕ ಒಂಬತ್ತು ತುಂಡು, ಒಂದೊಂದೂ ಮೂರು ನಾಲ್ಕು ನಿಮಿಷ.

ಮೇಡಂ ಎರಡು ಮಧ್ಯಾಹ್ನ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಕಟ್ಟಿದರು. ಮೇಷ್ಟ್ರು ವರಾಂಡದಲ್ಲಿ ಕಾಲು ಸುಟ್ಟ ಬೆಕ್ಕಿನಂತೆ ಓಡಾಡಿದರು. ಒಳಗಿನಿಂದ ತಮ್ಮದೇ ದನಿ ಕೇಳುತ್ತಿತ್ತು: "ನಿಮ್ಮ ಎಡ, ನನ್ನದಲ್ಲ." ಮತ್ತೆ, "ನಿಮ್ಮ ಎಡ, ನನ್ನದಲ್ಲ." ಹನ್ನೊಂದು ಸಲ ಆಯಿತು. ಎಲ್ಲಿ ಸಿಕ್ಕಿಬಿದ್ದಿದ್ದಾರೆಂದು ಗೊತ್ತು, ಕಿಟಕಿಯಲ್ಲಿ ಒಂದೇ ಒಂದು ಬೆರಳು ತೂರಿಸಿದರೆ ಸಾಕು, ತೋರಿಸಿಬಿಡಬಹುದು! ಹಿರಿಯಕ್ಕ ಅವರ ಅಂಗಿಯ ಚುಂಗು ಹಿಡಿದು ನಿಂತಿದ್ದಳು.

"ಬಿಡೇ ನನ್ನ!"

"ಬಿಡಲ್ಲ. ಟಿಕೆಟ್ ಇಲ್ಲದೋರನ್ನ ಒಳಗೆ ಬಿಟ್ಟು ಅಭ್ಯಾಸ ಇಲ್ಲ ನಂಗೆ."

ಎರಡನೆಯ ದಿನ ಸಂಜೆ ನಾಲ್ಕಕ್ಕೆ ಬಾಗಿಲು ತೆರೆಯಿತು. ಮೇಡಂ ಅವರ ಬೆರಳಿಗೆ ಮೂರು ಕಡೆ ಪಟ್ಟಿ, ಮೂಗಿನ ಮೇಲೆ ವಾರ್ನಿಷು. ಫ್ಯಾನು ಕೊಕ್ಕೆಗೆ ತೂಗಿತು. ಸ್ವಿಚ್ಚನ್ನು ಮೇಡಂ ತಾವೇ ಒತ್ತಿದರು.

ರೆಕ್ಕೆಗಳು ಗೊಣಗಿದವು, ತಡವರಿಸಿದವು, ತಿರುಗಿದವು. ಮೇಜಿನ ಮೇಲಿದ್ದ ಕಾಗದಗಳು ಮೊದಲು ಮೂಲೆ ಎತ್ತಿ, ಆಮೇಲೆ ಕೋಣೆಯ ತುಂಬ ಹಾರಿದವು. ಹೆಕ್ಕಲು ಯಾರೂ ಹೋಗಲಿಲ್ಲ. ಮೇಡಂ ಗಾಳಿಯ ಕೆಳಗೆ ಮುಖವೊಡ್ಡಿ ನಿಂತರು, ಮುಂಗುರುಳು ಹಣೆಗೆ ಅಂಟಿಕೊಂಡಿತು. ಇಷ್ಟು ದಿನ ಮೆಲ್ಲಗೇ ಮಾತಾಡುತ್ತಿದ್ದ ಮಹಾತಾಯಿ "ಕೆಳಗಡೇನೇ ಬರ್ತಿದೆ ರೀ!" ಎಂದು ಕೂಗಿದ್ದು ಗೇಟಿನವರೆಗೂ ಕೇಳಿಸಿತು.

"ಹಾಗಾದ್ರೆ ಸೋಮವಾರ?" ಮೇಷ್ಟ್ರ ದನಿ ಕೀರಲಾಗಿತ್ತು.

"ಸೋಮವಾರ ಹತ್ತಕ್ಕೆ ನಿಮ್ಮ ಕ್ಲಾಸು ಇದೆ ಅಲ್ವಾ? ಯಾರೂ ಬರಲ್ಲ. ಬೇಡ ಅಂತ ಹೇಳ್ತೀನಿ."

ಸೋಮವಾರ ಹತ್ತಕ್ಕೆ ಮೇಷ್ಟ್ರು ಕ್ಲಾಸಿಗೆ ಬಂದು ಬೆಂಚಿನಿಂದ ಬೆಂಚಿಗೆ ನಡೆದರು. ಕೊನೆಯ ಬೆಂಚಿನಲ್ಲಿ ಯಾರೋ ಬಗ್ಗಿ ಕುಳಿತು ಪಂಪಿನ ಮೋಟಾರಿಗೆ ತಂತಿ ಸುತ್ತುತ್ತಿದ್ದರು, ತಂತಿಯೆಲ್ಲ ಗಂಟು.

"ಯಾವನೋ ಅದು, ತಂತಿ ಹಿಡಿಯೋದು ಹಂಗೇನೋ? ಕತ್ತೆ!" ಎಂದು ಗುಡುಗಿದರು. ಆಮೇಲೆ ಯಾರೆಂದು ನೋಡಿದರು.

ಪ್ರಿನ್ಸಿಪಾಲ್ ಮೇಡಂ ತಲೆ ಎತ್ತಲಿಲ್ಲ. "ಹೆಂಗೆ ಸಾರ್?" ಎಂದು ಕೇಳಿ, ಗಂಟು ಬಿಡಿಸತೊಡಗಿದರು.